ಬಿಳಿ ಗಿಟಾರಿನ ಹಳದಿ ಕಲೆ

ಕಲೆ ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ. ಶುಕ್ರವಾರ ಸಂಜೆ ನಾನೇ ಬಿಳಿ ಲ್ಯಾಕರ್ ಬಣ್ಣ ಹೊಡೆದು, ಬಣ್ಣ ಹೊಡೆಯುವ ಪುಟ್ಟ ಕೋಣೆಯ, ಅಂದರೆ ಸ್ಪ್ರೇ ಬೂತಿನ, ಬಾಗಿಲು ಎಳೆದುಕೊಂಡು ಮನೆಗೆ ಹೋಗಿದ್ದೆ. ಆಗ ಗಿಟಾರಿನ ಮರದ ಒಡಲು ಅಪ್ಪಟ ಬಿಳಿಯಾಗಿತ್ತು. ಸೋಮವಾರ ಕೊಕ್ಕೆಯಿಂದ ಇಳಿಸಿ ಬೆಳಕಿಗೆ ಹಿಡಿದರೆ ಕೆಳಗಿನ ಬಲ ಅಂಚಿನಲ್ಲಿ ಬೆರಳಗಲದ ಹಳದಿ. ಮೇಲೆ ಬಿದ್ದ ಹಳದಿಯಲ್ಲ ಅದು, ಒಳಗಿನಿಂದ ಎದ್ದು ಬಂದದ್ದು. ಉಗುರಿನಿಂದ ಕೆರೆದೆ. ಜಗ್ಗಲಿಲ್ಲ. ನನ್ನ ತಲೆಗೆ ಬಂದ ಮೊದಲ ಮಾತು: ಯಾರೋ ಕೈಯಾಡಿಸಿದ್ದಾರೆ.

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದ ಕಾಲ ಒಂದಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಊರಿನ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯಲ್ಲಿ, ಕೆಟ್ಟು ವಾಪಸು ಬಂದ ಚಿಪ್ಪುಗಳು ಯಾಕೆ ಕೆಟ್ಟವು ಎಂದು ಹುಡುಕುವುದು ನನ್ನ ಕೆಲಸ. ಆ ವಿಭಾಗವನ್ನೇ ಮುಚ್ಚಿದ ಮೇಲೆ, ಅಲ್ಲೇ ರೈಲ್ವೆ ಸ್ಟೇಷನ್ನಿನ ಆಚೆ ಬದಿಯ ಶೆಡ್ಡುಗಳ ಸಾಲಿನಲ್ಲಿದ್ದ ಒಂದು ಸಣ್ಣ ಗಿಟಾರ್ ವರ್ಕ್‌ಶಾಪಿಗೆ ಸೇರಿಕೊಂಡೆ. ಗೆಳತಿಯರು ಪಾಪ ಅಂದರು. ನನಗೇನೂ ಪಾಪ ಅನ್ನಿಸಲಿಲ್ಲ. ಮರ ಉಜ್ಜುವ ಮೇಜಿನಲ್ಲಿ ವರ್ಷ ಕಳೆದ ಮೇಲೆ ನನಗೆ ಬೇಕಾಗಿದ್ದದ್ದು ಒಂದೇ, ಆ ಬೂತು.

ಹಳೆಯ ಪೇಂಟರ್ ಕೆಲಸ ಬಿಟ್ಟು ಬೂತು ಖಾಲಿಯಾಗಿತ್ತು. ವರ್ಕ್‌ಶಾಪಿನ ಮಾಲೀಕ, ಹಿಂದೊಮ್ಮೆ ಸರ್ಫ್ ಬೋರ್ಡುಗಳಿಗೆ ಹೊಳಪು ಕೊಡುತ್ತಿದ್ದವನು, ಮಾತು ಕಡಿಮೆ. "ಇದೊಂದು ಬಿಳಿ ಗಿಟಾರ್ ಸರಿಯಾಗಿ ಮಾಡು, ಬೂತು ನಿನ್ನದು. ಇಲ್ಲದಿದ್ದರೆ ವಾಪಸು ಉಜ್ಜುಕಾಗದಕ್ಕೆ" ಎಂದಿದ್ದ. ನಾನು ಸೋತರೆ ಬೂತು ಯಾರಿಗೆ ಹೋಗುತ್ತದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಲ್ಲಿ ಇದ್ದದ್ದು ನಾವು ಮೂರೇ ಜನ. ಮೂರನೆಯವನು ಪಾಲಿಶ್ ಮಾಡುವವನು. ಎಲ್ ಕಹೋನ್ ಕಡೆಯಿಂದ ಬರುತ್ತಿದ್ದ. ಸದಾ ನಗುಮುಖ. ಸದಾ ನಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಗಿಟಾರ್ ಕೊಟ್ಟು ಹೋದವರು ಕನ್ನಡದವರೇ. ಡೈಮಂಡ್ ಬಾರ್ ಎಂಬ ಊರಿನ ಒಬ್ಬರು ಆಂಟಿ ಮತ್ತು ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದ ಅವರ ಮಗಳು. ಕಾಲೇಜಿನ ಮರಗೆಲಸದ ಕೋಣೆಯಲ್ಲಿ ಮಗಳೇ ಆ ಒಡಲನ್ನು ಕೊರೆದಿದ್ದಳು. ತಿಂಗಳ ಕೊನೆಗೆ ಗೆಳತಿಯರ ಜೊತೆ ಅವಳ ಮೊದಲ ಕಾರ್ಯಕ್ರಮ. ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬಿಳಿ ಬೇಕು ಅಂದಳು. ಮಾಲೀಕ ಎಲ್ಲರನ್ನೂ ಕೇಳುವಂತೆ, "ಮರಕ್ಕೆ ಎಣ್ಣೆ, ಮೇಣ, ಪಾಲಿಶ್ ಏನಾದರೂ ಹಚ್ಚಿದ್ದೀರಾ?" ಎಂದು ಕೇಳಿದ. ಮಗಳಿಗಿಂತ ಮೊದಲು ಆಂಟಿಯೇ "ನೋ ನೋ, ನಥಿಂಗ್" ಎಂದರು. ಆಮೇಲೆ ನನ್ನ ಹೆಸರು ಕೇಳಿ, "ಅಯ್ಯ, ನೀವೂ ನಮ್ಮವರ ಏನ್ರೀ!" ಎಂದು ಕೈ ಹಿಡಿದುಕೊಂಡು ಧಾರವಾಡದ ಕನ್ನಡದಲ್ಲಿ ಹರಟೆ ಹೊಡೆದರು. ಮಾಲೀಕ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದ.

ಮರದ ಕೆಲಸವನ್ನು ನಾನು ಚೂರೂ ಅವಸರ ಮಾಡದೆ ಮಾಡಿದ್ದೆ. ಒರಟು ಕಾಗದದಿಂದ ಶುರುಮಾಡಿ ನಯವಾದ ಕಾಗದದವರೆಗೆ ಉಜ್ಜಿ, ಒದ್ದೆ ಬಟ್ಟೆ ಆಡಿಸಿ, ಎದ್ದ ನಾರನ್ನು ಮತ್ತೆ ಉಜ್ಜಿದೆ. ಮರದ ಸಣ್ಣ ರಂಧ್ರಗಳನ್ನು ಫಿಲ್ಲರಿನಿಂದ ಮುಚ್ಚಿ, ಮರದ ಮೈ ಮುಚ್ಚುವ ಸೀಲರ್ ಹೊಡೆದು, ಒಣಗಲು ಬಿಟ್ಟು, ಮೇಲೆ ಬಣ್ಣ ಹಿಡಿಯಲೆಂದು ಪ್ರೈಮರ್. ಹೊಳಪು ಹುಟ್ಟುವುದು ಕೊನೆಯ ಪಾಲಿಶಿನಲ್ಲಲ್ಲ, ಈ ತಳದಲ್ಲಿ. ತಳದಲ್ಲಿ ಕೂದಲೆಳೆಯಷ್ಟು ಗುಂಡಿ ಉಳಿದರೂ ಮೇಲಿನ ಕನ್ನಡಿ ಅದನ್ನು ಹತ್ತರಷ್ಟು ಮಾಡಿ ತೋರಿಸುತ್ತದೆ. ಆ ತಳದ ಬಗ್ಗೆ ನನಗೆ ನಂಬಿಕೆಯಿತ್ತು. ಹಾಗಾಗಿ ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ವಿಚಾರಣೆಗೆ ಹಿಡಿದೆ.

ಮೊದಲು ಪಾಲಿಶ್ ಮಾಡುವವನು. ಅವನ ಮೇಜಿನ ಮೇಲೆ ಹಳದಿ ಬಣ್ಣದ ಒಂದು ಪಾಲಿಶ್ ಗಟ್ಟಿ ಇರುತ್ತಿತ್ತು. ಅವನು ಊಟಕ್ಕೆ ಹೋದಾಗ ಅದರ ಚೂರೊಂದನ್ನು ಚಿಮುಟಿ ತಂದು ಬಿಳಿ ಹಲಗೆಗೆ ತಿಕ್ಕಿ, ಮೇಲೆ ಲ್ಯಾಕರ್ ಹೊಡೆದು ನೋಡಿದೆ. ಕಲೆ ಬೂದಾಯಿತೇ ಹೊರತು ಹಳದಿಯಾಗಲಿಲ್ಲ. ಬೇಜಾರಾಯಿತು. ಅವನೇ ಆಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ಆಮೇಲೆ ಲ್ಯಾಕರ್ ಡಬ್ಬಿ. ನಮಗೆ ಮಾಲು ಬರುತ್ತಿದ್ದದ್ದು ಸ್ಯಾನ್ ಪೀಡ್ರೊ ಬಂದರಿನ ಹತ್ತಿರದ ಒಂದು ಗೋದಾಮಿನಿಂದ. ಹಳೆಯ ಮಾಲಿಗೆ ಹೊಸ ಚೀಟಿ ಅಂಟಿಸಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು, ಯಾಕೆ ಅಂತ ಕೇಳಬೇಡಿ. ಅದೇ ಡಬ್ಬಿಯನ್ನು ಕಾರಿನಲ್ಲಿಟ್ಟುಕೊಂಡು ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಟ್ರಾಫಿಕ್ಕಿನಲ್ಲಿ ನಿಂತು, ಗೋದಾಮಿನವನಿಗೆ ಏನೇನು ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡೆ. ಅವನು ನನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಒಂದು ತಗಡಿನ ಮೇಲೆ ನನ್ನ ಡಬ್ಬಿಯದನ್ನೂ ಹೊಸ ಡಬ್ಬಿಯದನ್ನೂ ಪಕ್ಕಪಕ್ಕದಲ್ಲಿ ಹೊಡೆದು ಕೈಗೆ ಕೊಟ್ಟ. ಆ ತಗಡನ್ನು ವಾರವಿಡೀ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು ಓಡಾಡಿದೆ. ಎರಡೂ ಬಿಳಿಯಾಗಿಯೇ ಉಳಿದವು.

ಅಷ್ಟರಲ್ಲಿ ಎಡ ಅಂಚಿನಲ್ಲೂ ಇನ್ನೊಂದು ಕಲೆ ಎದ್ದಿತ್ತು. ಮಾಲೀಕ ನೋಡಿ, ಮರದ ಅಂಟು ಹೊರಗೆ ಬರುತ್ತಿರಬೇಕು, ಅರಗು ಹೊಡೆ ಅಂದ. ಅರಗನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಹೊಡೆದರೆ ಮರದೊಳಗಿನ ಯಾವ ಕಲೆಯೂ ಮೇಲೆ ಬರುವುದಿಲ್ಲ ಎಂಬುದು ಈ ಕಸುಬಿನಲ್ಲಿ ಎಲ್ಲರೂ ನಂಬಿದ ಮಾತು. ಕಲೆಯಿದ್ದ ಕಡೆ ಕೆಳಗಿನವರೆಗೆ ಉಜ್ಜಿ ಅರಗು ಹೊಡೆದೆ, ಮೇಲೆ ಮತ್ತೆ ಬಿಳಿ. ಮಾರನೆಯ ದಿನ ಕಲೆಗಳು ಇಮ್ಮಡಿ ದೊಡ್ಡದಾಗಿ, ಸುತ್ತ ಬಳೆಯಂಥ ಅಂಚು ಕಟ್ಟಿಕೊಂಡು ಕೂತಿದ್ದವು. ಕಲೆ ತಡೆಯುವ ಔಷಧಿಯನ್ನೇ ಕುಡಿದು ಬೆಳೆದಿದ್ದವು. ಇದು ಮರದ ಅಂಟಲ್ಲ, ಆಲ್ಕೊಹಾಲಿಗೆ ಕರಗುವ ಬಣ್ಣ ಎಂದು ಅಲ್ಲಿಗೆ ಗೊತ್ತಾಯಿತು. ಮರಕ್ಕೆ ಬಣ್ಣ ಹೇಗೆ ಬಂತು, ಯಾವುದು, ಅದು ಗೊತ್ತಾಗಲಿಲ್ಲ.

ಆ ದಿನ ಮಧ್ಯಾಹ್ನ ಊಟದ ಮೇಜಿನಲ್ಲಿ ನಾನು ಡಬ್ಬಿ ತೆರೆದೆ. ಚಿತ್ರಾನ್ನ. ಮಾಲೀಕ ಹಿಂದೆಲ್ಲ "ಡಬ್ಬಿಯಲ್ಲಿ ಸೂರ್ಯನನ್ನು ತುಂಬಿಕೊಂಡು ಬರುತ್ತೀಯ" ಎಂದು ತಮಾಷೆ ಮಾಡುತ್ತಿದ್ದ. ಆ ದಿನ ತಮಾಷೆ ಮಾಡಲಿಲ್ಲ. ಡಬ್ಬಿಯನ್ನು ನೋಡಿದ, ನನ್ನ ಬೆರಳುಗಳನ್ನು ನೋಡಿದ, ತನ್ನ ಸ್ಯಾಂಡ್‌ವಿಚ್ ತೆಗೆದುಕೊಂಡು ಎದ್ದು ಹೋದ. ನನಗೆ ಮೈಯೆಲ್ಲ ಉರಿಯಿತು. ವಾರದಿಂದ ನಾನು ಎಲ್ಲರನ್ನೂ ನೋಡುತ್ತಿದ್ದದ್ದು ಹೀಗೇ ಎಂಬುದು ಹೊಳೆಯಲಿಲ್ಲ ಎಂದೇನಲ್ಲ, ಆದರೆ ಉರಿ ಉರಿಯೇ. ಮಾರನೆಯ ದಿನದಿಂದ ಕಾರಿನಲ್ಲಿ ಕೂತು ಊಟ ಮಾಡಿದೆ.

ಅಸಲಿ ವಿಷಯ ಬಯಲಾದದ್ದು ನೀರುಜ್ಜು ಮಾಡುವಾಗ. ನೀರುಜ್ಜು ಎಂದರೆ ತೀರಾ ನಯವಾದ ಕಾಗದವನ್ನು ನೀರಿನಲ್ಲಿ ನೆನೆಸಿ ಬಣ್ಣದ ಮೇಲ್ಮೈಯನ್ನು ಸಪಾಟು ಮಾಡುವುದು. ಕಾಗದಕ್ಕೆ ಪುಡಿ ಕಟ್ಟಿಕೊಳ್ಳದಿರಲಿ ಎಂದು ಪಾಲಿಶ್‌ನವನು ಅದನ್ನು ಆಗಾಗ ಬಟ್ಟೆ ಸೋಪಿನ ಬಾರಿಗೆ ತಿಕ್ಕಿಕೊಳ್ಳುತ್ತಿದ್ದ. ಅವನ ಮೇಲೆ ಅನುಮಾನವಿದ್ದರೂ ಅವನ ಉಪಾಯದ ಮೇಲೆ ನನಗೆ ಅನುಮಾನವಿರಲಿಲ್ಲ, ಸೋಪನ್ನು ಎತ್ತಿಕೊಂಡು ಬಂದೆ. ಕಲೆ ಎಷ್ಟು ಆಳ ಇದೆ ನೋಡೋಣ ಎಂದು ಬಲ ಅಂಚನ್ನು ಉಜ್ಜತೊಡಗಿದೆ. ಬಿಳಿ ತೆಳುವಾಯಿತು, ಹಳದಿ ಬಯಲಾಯಿತು, ಸೋಪಿನ ನೊರೆ ಅದರ ಮೇಲೆ ಹರಿಯಿತು. ಹಳದಿ ನನ್ನ ಕಣ್ಣೆದುರಿಗೇ ಕೆಂಪಾಯಿತು.

ಬಿಳಿ ರವಿಕೆಯ ಮೇಲೆ ಸಾರು ಚೆಲ್ಲಿಕೊಂಡು ಸೋಪು ಹಾಕಿ ತಿಕ್ಕಿದ ಯಾರನ್ನಾದರೂ ಕೇಳಿ, ಅದೇನು ಎಂದು ಹೇಳುತ್ತಾರೆ. ಅರಿಶಿನ.

ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮರುಕ್ಷಣ ಇನ್ನೊಂದು ಮಾತು ಹೊಳೆಯಿತು. ಆ ಇಡೀ ಶೆಡ್ಡಿನಲ್ಲಿ ಅರಿಶಿನ ಇರುತ್ತಿದ್ದದ್ದು ಒಂದೇ ಕಡೆ, ನನ್ನ ಊಟದ ಡಬ್ಬಿಯಲ್ಲಿ. ಇಷ್ಟು ದಿನ ಪೊಲೀಸಿನವಳ ಹಾಗೆ ಹುಡುಕಿ ಹುಡುಕಿ, ಕೊನೆಗೆ ನನ್ನ ಮನೆಯ ಬಾಗಿಲನ್ನೇ ನಾನು ತಟ್ಟಿದ್ದೆ. ಊಟವಾದ ಮೇಲೆ ಕೈ ತೊಳೆಯದೆ ಮರ ಮುಟ್ಟಿದ್ದೆನೇ? ಇಲ್ಲ. ಗ್ಲೌಸ್ ಹಾಕದೆ? ಇಲ್ಲ. ಆದರೂ ನನ್ನ ಉಗುರುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿಕೊಂಡೆ. ನನ್ನ ಮೇಲೆ ನನಗೇ ಅನುಮಾನ ಬಂದದ್ದು ಅದೇ ಮೊದಲು.

ಯಾರಿಗೂ ಹೇಳದೆ, ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಬಣ್ಣವನ್ನೆಲ್ಲ ಕೆರೆದು ತೆಗೆದೆ. ಅಷ್ಟು ದಿನದ ಕೆಲಸ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಬರಿಮೈಯಾದ ಮರಕ್ಕೆ ಒದ್ದೆ ಸೋಪನ್ನು ಇಡೀ ಸವರಿದೆ. ಕೆಳಗಿನ ಎರಡು ಅಂಚುಗಳಲ್ಲಿ ಕೆಂಪು ಎದ್ದಿತು. ಮೇಲೆ, ಗಿಟಾರಿನ ಕತ್ತಿನ ಎರಡೂ ಬದಿಗೆ ಚಾಚಿಕೊಂಡಿರುವ ಕೊಂಬುಗಳ ತುದಿಯಲ್ಲೂ ಎದ್ದಿತು. ಅಲ್ಲಿ ಇನ್ನೂ ಕಲೆ ಕಂಡೇ ಇರಲಿಲ್ಲ. ಒಟ್ಟು ನಾಲ್ಕು ಬೊಟ್ಟು, ನಾಲ್ಕು ಮೂಲೆಗೆ. ಮದುವೆ ಕರೆಯೋಲೆಗೆ ಹಚ್ಚುವ ಹಾಗೆ, ಹೊಸ ಸೀರೆಯ ಮಡಿಕೆಗೆ ಇಡುವ ಹಾಗೆ. ಊಟದ ಕೈ ಅಷ್ಟು ಅಚ್ಚುಕಟ್ಟಾಗಿ ಮೂಲೆ ಹುಡುಕುವುದಿಲ್ಲ. ಇದನ್ನು ಯಾರೋ ಭಕ್ತಿಯಿಂದ ಇಟ್ಟಿದ್ದರು, ಮತ್ತು ಆ ಯಾರೋ ಯಾರು ಎಂದು ನನಗೆ ಗೊತ್ತಾಯಿತು. ನಾನು ಮೊದಲೇ ಉಜ್ಜಿದ್ದರಿಂದ ಮೇಲಿನದು ಹೋಗಿತ್ತು. ಆದರೆ ಆ ನಾಲ್ಕೂ ಕಡೆ ಮರದ ನಾರಿನ ಕತ್ತರಿಸಿದ ತುದಿಗಳು ಹೊರಕ್ಕೆ ತೆರೆದಿರುತ್ತವೆ, ಹಚ್ಚಿದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಒಳಗೆ ಕೂತ ಅರಿಶಿನವನ್ನು ನನ್ನ ಲ್ಯಾಕರ್ ಪ್ರತಿ ಸಲವೂ ಕರಗಿಸಿ ಮೇಲಕ್ಕೆ ಕರೆದುಕೊಂಡು ಬರುತ್ತಿತ್ತು.

ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಆಂಟಿಗೆ ಫೋನ್ ಮಾಡಿದರೆ ಹೆದರುತ್ತಾರೆ, ಮಗಳು ಅವರ ಮೇಲೆ ಹಾರುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಮಾಲೀಕ ಏನು ಅಂದುಕೊಳ್ಳುತ್ತಾನೆ? ಅವನಿಗೆ ತಿಳಿಯದ ಭಾಷೆಯಲ್ಲಿ ಮಾತಾಡಿಕೊಂಡು ಇವರಿಬ್ಬರೂ ಸೇರಿ ಕಥೆ ಕಟ್ಟಿದರು ಅಂದುಕೊಳ್ಳುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಇನ್ನೊಂದು ದಾರಿ ಬಾಯಿ ಮುಚ್ಚಿಕೊಂಡಿರುವುದು. ಆದರೆ ಅರಿಶಿನದ ಕಲೆಗೆ ಇರುವುದು ಒಂದೇ ಮದ್ದು, ಬಿಸಿಲು. ಒಗೆದರೂ ಹೋಗದ್ದು ಬಿಸಿಲಿಗೆ ಹಾಕಿದರೆ ಹೋಗುತ್ತದೆ. ಗಿಟಾರನ್ನು ದಿನಗಟ್ಟಲೆ ಬಿಸಿಲಿನಲ್ಲಿಡಬೇಕು ಎಂದರೆ ಯಾಕೆ ಎಂದು ಹೇಳಲೇಬೇಕು. ಬೂತು ಹೋದರೂ ಸರಿ, ಕೆಟ್ಟ ಕೆಲಸ ನನ್ನ ಕೈಯಿಂದ ಹೊರಗೆ ಹೋಗಬಾರದು ಎಂದು ನಿರ್ಧಾರ ಮಾಡಿದೆ. ಹಾಗೆ ನಿರ್ಧಾರ ಮಾಡುವಾಗ ಅಳು ಬಂತು.

ಮಾಲೀಕನ ಮುಂದೆ ಮರವನ್ನಿಟ್ಟು ಹೇಳಿದೆ. "ಇದು ಅರಿಶಿನ."

"ನಿನ್ನ ಡಬ್ಬಿಯಲ್ಲಿರೋದು."

"ಅದೇ. ಆದರೆ ನನ್ನದಲ್ಲ."

"ಮತ್ತೆ ಯಾರದು?"

"ಹೇಳೋಕಾಗಲ್ಲ."

ಅವನು ಮರವನ್ನು ಒಮ್ಮೆ ತಿರುಗಿಸಿ ನೋಡಿದ. ಆಮೇಲೆ ಎದ್ದು ಹೋಗಿ, ಬೂತಿನ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ನನ್ನ ಮುಖವಾಡವನ್ನು, ಬಣ್ಣ ಹೊಡೆಯುವಾಗ ಉಸಿರಾಟಕ್ಕೆ ಹಾಕಿಕೊಳ್ಳುವುದನ್ನು, ತೆಗೆದು ಉಜ್ಜುವ ಮೇಜಿನ ಮೇಲಿಟ್ಟ. "ಇದನ್ನ ಮುಗಿಸು. ಶುರು ಮಾಡಿದವಳು ನೀನೇ ಮುಗಿಸಬೇಕು. ಅದಾದ ಮೇಲೆ ನಿನ್ನ ಜಾಗ ಇಲ್ಲಿ" ಎಂದ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

ಬಿಸಿಲಿನ ಕಥೆ ಬೇರೆ. ಅದು ಜೂನ್. ಸಮುದ್ರದ ಮೋಡ ಸೊರೆಂಟೊ ವ್ಯಾಲಿಯ ಮೇಲೆ ಬೂದು ಕಂಬಳಿ ಹೊದಿಸಿ ಮಲಗಿರುವ ತಿಂಗಳು. ಪ್ರಪಂಚವೆಲ್ಲ ಬಿಸಿಲಿಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದರೆ ನನಗೆ ಬೇಕಾದ ನಾಲ್ಕು ಬೊಟ್ಟಿನಷ್ಟು ಬಿಸಿಲು ಅಲ್ಲಿರಲಿಲ್ಲ. ಮನೆಗೆ ತೆಗೆದುಕೊಂಡು ಹೋಗುತ್ತೇನೆಂದರೆ ಮಾಲೀಕ ಒಪ್ಪಲಿಲ್ಲ. ಅಡುಗೆಮನೆಯ ಹತ್ತಿರ ಮತ್ತೆ ಬೇಡ ಎಂದ. ಆಗ ಪಾಲಿಶ್‌ನವನು, "ನಮ್ಮನೆ ಹಿತ್ತಲಲ್ಲಿ ಮೊಟ್ಟೆ ಬೇಯುತ್ತೆ, ಅಲ್ಲಿಡೋಣ" ಎಂದ. ಎಲ್ ಕಹೋನ್ ಒಳನಾಡು, ಮೋಡ ಅಲ್ಲಿಗೆ ತಲುಪುವುದಿಲ್ಲ. ಮಾಲೀಕ ಹೂಂ ಅಂದ. ಇವನೇಕೆ ಇದ್ದಕ್ಕಿದ್ದ ಹಾಗೆ ಇಷ್ಟು ಒಳ್ಳೆಯವನಾದ ಎಂದು ನಾನು ಯೋಚಿಸಿದೆ. ಶನಿವಾರ ಹೇಳದೆ ಕೇಳದೆ ಅವನ ಮನೆಗೆ ಹೋದೆ. ಬಟ್ಟೆ ಒಣಹಾಕುವ ಹಗ್ಗದ ಕೆಳಗೆ, ಎರಡು ಇಟ್ಟಿಗೆಗಳ ಮೇಲೆ ಗಿಟಾರ್ ಬಿಸಿಲು ಕಾಯುತ್ತಿತ್ತು. ಅವನು ಕುರ್ಚಿ ಹಾಕಿಕೊಂಡು, ನೆರಳು ಬಿದ್ದಾಗಲೆಲ್ಲ ಅದನ್ನು ಸರಿಸುತ್ತಾ ಕೂತಿದ್ದ.

"ನಂಬಿಕೆ ಇಲ್ಲ ಅಲ್ವಾ?" ಎಂದು ನಕ್ಕ.

"ಇಲ್ಲ" ಎಂದೆ. ಇನ್ನೊಂದು ಕುರ್ಚಿ ತಂದುಕೊಟ್ಟ. "ಬೂತು ನಿನಗೆ ಬೇಡವಾ?" ಎಂದು ಕೇಳಿಯೇಬಿಟ್ಟೆ. ಅವನಿಗೆ ಲ್ಯಾಕರಿನ ವಾಸನೆಗೆ ತಲೆನೋವು ಬರುತ್ತದಂತೆ. ಹಿಂದೆ ಎರಡು ಸಲ ಮಾಲೀಕ ಕೊಟ್ಟಾಗಲೂ ಬೇಡ ಎಂದಿದ್ದನಂತೆ. ನಾನು ಒಮ್ಮೆ ಕೇಳಿದ್ದರೆ ಸಾಕಿತ್ತು.

ಮೂರು ಬೊಟ್ಟುಗಳು ಬಿಸಿಲಿಗೆ ಪೂರ್ತಿ ಮಾಯವಾದವು. ನಾಲ್ಕನೆಯದು, ಎಡಗೊಂಬಿನದು, ತೆಳ್ಳಗಾಯಿತೇ ಹೊರತು ಹೋಗಲಿಲ್ಲ. ಕಾಯಲು ಇನ್ನು ಸಮಯವಿರಲಿಲ್ಲ. ಈ ಸಲ ಅರಗು ಮುಟ್ಟಲಿಲ್ಲ. ಎರಡು ದ್ರವ ಬೆರೆಸಿದರೆ ಗಟ್ಟಿಯಾಗಿ, ಮತ್ತೆ ಯಾವುದಕ್ಕೂ ಕರಗದ ಎಪಾಕ್ಸಿಯನ್ನು ತೆಳ್ಳಗೆ ಇಡೀ ಮರಕ್ಕೆ ಎಳೆದೆ. ಅದು ಕಲ್ಲಾದ ಮೇಲೆ ಉಜ್ಜಿ, ಪ್ರೈಮರ್, ಬಿಳಿ, ಅದರ ಮೇಲೆ ಪಾರದರ್ಶಕ ಲ್ಯಾಕರ್. ತೆಳ್ಳಗೆ, ಒಂದರ ಮೇಲೊಂದು, ಪ್ರತಿ ಪದರದ ನಡುವೆ ಕಾಯುತ್ತಾ. ಪ್ರತಿ ಬೆಳಿಗ್ಗೆ ಬಾಗಿಲು ತೆರೆದವಳೇ ಮೊದಲು ನಾಲ್ಕು ಮೂಲೆ ನೋಡುತ್ತಿದ್ದೆ. ಬಿಳಿ ಬಿಳಿಯಾಗಿಯೇ ಇತ್ತು. ನೀರುಜ್ಜು ಮುಗಿದಾಗ ಮೇಲ್ಮೈ ಮಂಕಾಗಿ ಬೂದಿ ಬಳಿದಂತೆ ಕಾಣುತ್ತಿತ್ತು. ಪಾಲಿಶ್‌ನವನು ತಿರುಗುವ ಚಕ್ರಕ್ಕೆ ಹಿಡಿದ. ನಿಧಾನಕ್ಕೆ ಅದರೊಳಗೆ ಸೂರಿನ ಟ್ಯೂಬ್ ಲೈಟ್ ಕಾಣಿಸಿಕೊಂಡಿತು. ಹೊಳಪಿಗೆ ನಮ್ಮ ಪರೀಕ್ಷೆ ಅದೇ. ಟ್ಯೂಬ್ ಲೈಟಿನ ಗೆರೆ ಎಲ್ಲೂ ಅಲುಗದೆ ನೇರವಾಗಿ ಕಾಣಬೇಕು. ಕಂಡಿತು. ಮಾಲೀಕ ಬಗ್ಗಿ ನೋಡಿ, ತನ್ನ ಕೆಲಸಕ್ಕೆ ಹೋದ. ನನ್ನ ಮುಖವಾಡ ಉಜ್ಜುವ ಮೇಜಿನ ಮೇಲೆಯೇ ಇತ್ತು.

ತಾಯಿ ಮಗಳು ಬಂದರು. ಮಗಳು ಗಿಟಾರಿನಲ್ಲಿ ತನ್ನ ಮುಖ ನೋಡಿ "ಓ ಮೈ ಗಾಡ್" ಎಂದು ಕುಣಿದಳು. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ಆಂಟಿಯನ್ನು ಕೇಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ಅವರು ಬ್ಯಾಗಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ಮುಚ್ಚಳದಲ್ಲೇ ಚೂರು ಅರಿಶಿನ ಹಾಕಿಕೊಂಡು, ನೀರಿನ ಬಾಟಲಿಯಿಂದ ಎರಡು ಹನಿ ಬಿಟ್ಟು ಕಲಸಿ, ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಎರಡು ಅಂಚಿಗೆ, ಮೇಲಿನ ಎರಡು ಕೊಂಬಿಗೆ ಒಂದೊಂದು ಬೊಟ್ಟು ಇಟ್ಟರು.

"ಅಮ್ಮಾ, ಸ್ಟಾಪ್! ವಾಟ್ ಆರ್ ಯೂ ಡೂಯಿಂಗ್?"

"ಯಾಕ ಒದರ್ತೀ? ಹೊಸಾ ವಸ್ತು ಅದ, ಹಂಗ ಬೋಳ ಒಯ್ಯೋದೇನು? ಮೊದ್ಲ ಕೊಡಲಿಕ್ಕೆ ಬಂದಾಗೂ ಹಚ್ಚೇ ತಂದಿದ್ದೆ. ನೀ ಬೈತೀ ಅಂತ ಕಾರ್‌ನ್ಯಾಗ ಒರೆಸಿಬಿಟ್ಟೆ ಅಷ್ಟ."

ಮಗಳು ಹಣೆ ಚಚ್ಚಿಕೊಂಡು ಮಾಲೀಕನ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು. ಅಮ್ಮ ಹೀಗೇ, ಬಣ್ಣ ಹೊಡೆಯುವ ಮೊದಲು ಬರೀ ಮರಕ್ಕೂ ಇದನ್ನೇ ಹಚ್ಚಿದ್ದಳಂತೆ, ತನಗೆ ಗೊತ್ತೇ ಇರಲಿಲ್ಲ, ಎಂದಳು. ಮಾಲೀಕ ಗಿಟಾರಿನ ನಾಲ್ಕು ಮೂಲೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನು ಒರೆಸಲು ಬಟ್ಟೆ ಎತ್ತಿಕೊಂಡ. ನಾನು ಅವನ ಕೈ ತಡೆದೆ.

"ಸ್ವಲ್ಪ ಹೊತ್ತು ಇರಲಿ."

"ಹುಚ್ಚಾ?"

"ಇಷ್ಟಕ್ಕೆ ಬಿಳಿ ಕೆಡೋದಾದರೆ ಈಗಲೇ, ನಮ್ಮ ಕಣ್ಣೆದುರಿಗೇ ಕೆಡಲಿ."

ಎಲ್ಲರೂ ನಿಂತೆವು. ಅರಿಶಿನ ಒಣಗಿ ಅಂಚು ಬಿರಿಯಿತು. ಒದ್ದೆ ಬಟ್ಟೆಯಿಂದ ನಾನೇ ಒಂದೊಂದಾಗಿ ಒರೆಸಿದೆ. ನಾಲ್ಕು ಕಡೆಯೂ ಬಿಳಿ, ಟ್ಯೂಬ್ ಲೈಟಿನ ಗೆರೆ ನೇರ. ಪಾಲಿಶ್‌ನವನು ಒಂದು ಸಿಳ್ಳೆ ಹಾಕಿದ.

ಆಂಟಿಯ ಮುಖ ಮಾತ್ರ ಬಾಡಿತು. "ಪೂರಾ ಒರೆಸಿಬಿಟ್ರೇನು?"

ನಾನು ಅವರ ಹತ್ತಿರ ಹೋಗಿ ಎಡಗೊಂಬನ್ನು ಮುಟ್ಟಿ ತೋರಿಸಿದೆ. "ನೀವು ಮೊದಲು ಹಚ್ಚಿದ್ರಲ್ಲ, ಅದರಲ್ಲಿ ಒಂದು ಇಲ್ಲಿ ಒಳಗೇ ಇದೆ ಆಂಟಿ. ಏನು ಮಾಡಿದ್ರೂ ಹೋಗ್ಲಿಲ್ಲ. ಮುಚ್ಚಿಬಿಟ್ಟೆ. ಇನ್ನು ಯಾರ ಕೈಲೂ ಒರೆಸೋಕಾಗಲ್ಲ."

ಅವರು ಆ ಜಾಗವನ್ನು ಅಂಗೈಯಿಂದ ಸವರಿದರು. "ಇರಲಿ ಬಿಡ್ರಿ. ಅದು ಇರಬೇಕ" ಎಂದು ನನ್ನ ಗಲ್ಲ ಹಿಡಿದರು.

ಮಾಲೀಕ ಹತ್ತಿರ ಬಂದ. ನಮ್ಮಿಬ್ಬರ ಮುಖವನ್ನೂ ಮೊದಲ ದಿನದ ಹಾಗೇ ನೋಡಿ, ಅನುಮಾನದ ದನಿಯಲ್ಲಿ, "ಏನಂತಾರೆ ಅವರು?" ಎಂದು ಕೇಳಿದ.

"ಬೂತು ಯಾರದು ಅಂತ ಕೇಳ್ತಿದ್ದಾರೆ" ಎಂದೆ.

ಅವನು ನನ್ನನ್ನೇ ನೋಡುತ್ತಾ ನಿಂತ. ಒಂದು ಅಕ್ಷರವನ್ನೂ ನಂಬಲಿಲ್ಲ ಎಂಬುದು ಕಣ್ಣಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಉಜ್ಜುವ ಮೇಜಿನ ಹತ್ತಿರ ಹೋಗಿ, ನನ್ನ ಮುಖವಾಡವನ್ನು ಎತ್ತಿಕೊಂಡು ಬಂದು ಬೂತಿನ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ.

"ನಿನ್ನದು ಅಂತ ಹೇಳು."

ನಾನು ಆಂಟಿಯ ಕಡೆ ತಿರುಗಿದೆ. "ಆಂಟಿ, ಊಟ ಮಾಡ್ಕೊಂಡೇ ಹೋಗಿ. ಚಿತ್ರಾನ್ನ ತಂದಿದ್ದೀನಿ. ಇವತ್ತು ಒಳಗೇ ಕೂತು ತಿನ್ನೋಣ" ಎಂದೆ.